ಡಿಕ್‌ಕಾಪ್: ಹಕ್ಕಿಗೂ ಅದೇ ಹೆಸರು, ಕುರಿ ರೋಗಕ್ಕೂ ಅದೇ ಹೆಸರು!

[ದೃಶ್ಯ: ರಾತ್ರಿ. ಒಣ ಹುಲ್ಲುಗಾವಲಿನಲ್ಲಿ ನಿಂತ ಹಕ್ಕಿ]

ನಮಸ್ಕಾರ. ಈ ಹಕ್ಕಿಯ ದೊಡ್ಡ ತಲೆ, ಹಳದಿ ಕಣ್ಣು ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಇದು ಡಿಕ್‌ಕಾಪ್. ಆಫ್ರಿಕಾನ್ಸ್ ಭಾಷೆಯಲ್ಲಿ ‘ಡಿಕ್’ ಅಂದರೆ ದಪ್ಪ, ‘ಕಾಪ್’ ಅಂದರೆ ತಲೆ.

1652ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶಕ್ಕೆ ಬಂದು ನೆಲೆಸಿದ ಡಚ್ಚರ ಮಾತು ಅಲ್ಲೇ ಬದಲಾಗುತ್ತಾ ಆಫ್ರಿಕಾನ್ಸ್ ಆಯಿತು. ಆಮೇಲೆ ಬಂದ ಇಂಗ್ಲಿಷರು ಅಲ್ಲಿನವರ ಬಾಯಲ್ಲಿದ್ದ ಹೆಸರುಗಳನ್ನೇ ಎತ್ತಿಕೊಂಡರು. ಸುತ್ತಿಗೆಯಂಥ ತಲೆ ಇದ್ದ ಹಕ್ಕಿ ಹ್ಯಾಮರ್‌ಕಾಪ್. ಬೊಕ್‌ಮಕೀರಿ ಅನ್ನುವ ಹಕ್ಕಿಗೆ ಅದರ ಕೂಗೇ ಹೆಸರು.

[ದೃಶ್ಯ: ಕರೂ ಒಣಸೀಮೆ, ಕುರಿ ಹಿಂಡು]

ಕುರಿ ಸಾಕುವವರಿಗೆ ಮಾತ್ರ ಡಿಕ್‌ಕಾಪ್ ಅಂದರೆ ಹೆದರಿಕೆ. ಅವರು ಹೇಳುವುದು ಗೀಲ್‌ಡಿಕ್‌ಕಾಪ್ ಅನ್ನುವ ರೋಗ, ಅಂದರೆ ಹಳದಿ ದಪ್ಪತಲೆ. ಕಾರಣ ಯಾವುದು ಗೊತ್ತಾ? ನಮ್ಮ ಬಯಲುಸೀಮೆಯಲ್ಲೂ ನೆಲಕ್ಕೆ ಹಬ್ಬುವ ನೆಗ್ಗಿಲು ಮುಳ್ಳಿನ ಗಿಡ! ಬಾಡಿದ ಗಿಡವನ್ನು ಜಾಸ್ತಿ ಮೇಯ್ದ ಕುರಿಗಳ ಪಿತ್ತಜನಕಾಂಗಕ್ಕೆ (ಲಿವರ್‌ಗೆ) ಪೆಟ್ಟು ಬೀಳುತ್ತದೆ. ಎಲೆಯ ಹಸಿರು ಜೀರ್ಣವಾದಾಗ ಹುಟ್ಟುವ ಒಂದು ವಸ್ತು ಹೊರಗೆ ಹೋಗದೆ ರಕ್ತದಲ್ಲಿ ಸೇರಿ ಚರ್ಮ ಮುಟ್ಟುತ್ತದೆ. ಬಿಸಿಲು ಬಿದ್ದರೆ ಸಾಕು, ಮುಖ, ಕಿವಿ, ತುಟಿ ಊದಿಕೊಳ್ಳುತ್ತವೆ. ಜೊತೆಗೆ ಕಾಮಾಲೆ. ಹಳದಿ, ದಪ್ಪ, ತಲೆ: ಕುರಿಗಾರರು ಕಂಡದ್ದನ್ನೇ ಹೆಸರಿಟ್ಟಿದ್ದರು.

[ದೃಶ್ಯ: ಎಲುಬು ಅಗಿಯುತ್ತಿರುವ ಹಸು]

ನನಗೆ ತುಂಬಾ ಮುಖ್ಯ ಅನಿಸುವುದು ಲಾಮ್‌ಸೀಕ್ಟೆ. ‘ಲಾಮ್’ ಅಂದರೆ ಕುಂಟು, ‘ಸೀಕ್ಟೆ’ ಅಂದರೆ ರೋಗ. ದನಗಳ ಕಾಲು ಸೋಲುತ್ತದೆ, ಮಲಗಿದ ದನ ಏಳುವುದೇ ಇಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ಪಶುವೈದ್ಯ ಆರ್ನಾಲ್ಡ್ ಥೈಲರ್ ಇದರ ಬೆನ್ನು ಹತ್ತಿದರು. ಪ್ರಿಟೋರಿಯಾ ಹತ್ತಿರ 1908ರಲ್ಲಿ ಶುರುವಾದ ಆಂಡರ್‌ಸ್ಟೆಪೋರ್ಟ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರು ಅವರೇ. ಬೇರು ಸಿಕ್ಕಿದ್ದು ಮಣ್ಣಿನಲ್ಲಿ. ಅಲ್ಲಿನ ಮಣ್ಣಿನಲ್ಲಿ ರಂಜಕ ಕಡಿಮೆ, ಹಾಗಾಗಿ ಹುಲ್ಲಿನಲ್ಲೂ ಕಡಿಮೆ. ಆ ಕೊರತೆಗೆ ದನಗಳು ಸತ್ತ ಪ್ರಾಣಿಗಳ ಎಲುಬು ಅಗಿಯುತ್ತವೆ. ಕೊಳೆತ ಎಲುಬಿನಲ್ಲಿ ನರಗಳನ್ನು ಸೋಲಿಸುವ ಬಾಟುಲಿಸಂ ವಿಷ ಇರಬಹುದು. ಆಗ ಮೇವಿನ ಜೊತೆ ಶುದ್ಧ ಎಲುಬಿನ ಪುಡಿ ಕೊಟ್ಟರು, ದನಗಳಿಗೆ ಆ ಚಟವೇ ಹೋಯಿತು! ಇಷ್ಟು ಸರಳ ಪರಿಹಾರಕ್ಕೆ ಎಷ್ಟು ಹುಡುಕಾಟ ಬೇಕಾಯಿತು ನೋಡಿ.

[ದೃಶ್ಯ: ಕರ್ನಾಟಕದ ಕುರಿಹಟ್ಟಿ, ಮಳೆ]

ಇನ್ನೊಂದು ಹೆಸರು ನಮ್ಮ ಕುರಿಗಾರರಿಗೂ ಗೊತ್ತು. ಆಫ್ರಿಕಾನ್ಸ್‌ನ ‘ಬ್ಲೌಟೊಂಗ್’ ಇಂಗ್ಲಿಷಿನಲ್ಲಿ ಬ್ಲೂಟಂಗ್ ಆಯಿತು, ಕನ್ನಡದಲ್ಲಿ ನೀಲಿ ನಾಲಿಗೆ ರೋಗ. ಸಣ್ಣ ನೊಣಗಳು ಕಚ್ಚಿ ಹರಡುವ ವೈರಸ್ ಇದು, ನಮ್ಮಲ್ಲಿ ಮಳೆಗಾಲದಲ್ಲಿ ಕಾಟ ಜಾಸ್ತಿ. ಆದರೆ ಎಲ್ಲ ಕುರಿಗಳ ನಾಲಿಗೆಯೂ ನೀಲಿ ಆಗುವುದಿಲ್ಲ. ಜ್ವರ, ಊದಿದ ತುಟಿ, ಮೂಗಿನಲ್ಲಿ ಸಿಂಬಳ, ಕುಂಟು ನಡಿಗೆ ಕಂಡರೆ ನಾಲಿಗೆಯ ಬಣ್ಣಕ್ಕೆ ಕಾಯದೆ ಪಶುವೈದ್ಯರನ್ನು ಕರೆಸಿ.