18 ಮಹಡಿಯ ಮರದ ಕಟ್ಟಡ

ಕೇಳುಗರಿಗೆ ನಮಸ್ಕಾರ.

ನಾರ್ವೆ ದೇಶದಲ್ಲಿ ಮ್ಯೋಸಾ ಸರೋವರದ ದಡದಲ್ಲಿ ಬ್ರುಮುಂಡಾಲ್ ಅಂತ ಒಂದು ಸಣ್ಣ ಊರಿದೆ. 2019ರಲ್ಲಿ ಅಲ್ಲಿ 18 ಮಹಡಿಯ, 85 ಮೀಟರ್ ಎತ್ತರದ ಕಟ್ಟಡ ಎದ್ದು ನಿಂತಿತು. ಹೆಸರು ಮ್ಯೋಸ್‌ಟೋರ್ನೆ. ಅದರ ಕಂಬ, ತೊಲೆ, ಲಿಫ್ಟ್ ಓಡಾಡುವ ಗೂಡು ಎಲ್ಲವೂ ಮರದ್ದೇ!

ಮೂಲೆಯ ಕಂಬಗಳು ಸುಮಾರು ಒಂದೂವರೆ ಮೀಟರ್ ಅಗಲ ಇವೆ. ಅಷ್ಟು ದೊಡ್ಡ ಮರ ಕಡಿದರೇ? ಇಲ್ಲ. ಸ್ಪ್ರೂಸ್ ಅನ್ನೋ ಸೂಜಿ ಎಲೆಯ ಮರದ ಹಲಗೆಗಳನ್ನು ಚೆನ್ನಾಗಿ ಒಣಗಿಸಿ, ಒಂದರ ಮೇಲೊಂದು ಅಂಟಿಸಿ, ಒತ್ತಿ ಮಾಡಿದ ಕಂಬಗಳು ಇವು. ಇದಕ್ಕೆ ಗ್ಲೂಲ್ಯಾಮ್ ಅಂತಾರೆ.

ಬೆಂಕಿ ಬಿದ್ದರೆ ಏನು ಗತಿ ಅಂತ ಎಲ್ಲರೂ ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ. ಸೌದೆ ಉರಿದ ಹಾಗೆ ದಪ್ಪ ತೊಲೆ ಉರಿಯುವುದಿಲ್ಲ. ಹೊರಮೈ ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಬೆಂಕಿ ಒಳಕ್ಕೆ ಇಳಿಯುವುದು ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಕಂಬ ತೊಲೆ ಸೇರುವ ಕಡೆ ಉಕ್ಕಿನ ತಗಡುಗಳಿವೆ. ಕಾದರೆ ಉಕ್ಕು ಬಾಗುತ್ತದೆ ಅಲ್ವಾ? ಅದಕ್ಕೇ ಮರವನ್ನು ಸೀಳಿ, ತಗಡನ್ನು ಅದರೊಳಗೆ ಹುದುಗಿಸಿದ್ದಾರೆ.

ಕಾಂಕ್ರೀಟ್ ಇಲ್ಲವೇ ಇಲ್ಲ ಅಂತಲ್ಲ. ಮೇಲಿನ ಏಳು ಮಹಡಿಗಳ ನೆಲ ಕಾಂಕ್ರೀಟಿನದು. ಮರ ಹಗುರ, ಗಾಳಿಗೆ ಕಟ್ಟಡ ತೂಗಾಡಬಾರದು ಅಂತ ಮೇಲೆ ತೂಕ ಇಟ್ಟಿದ್ದಾರೆ. ಆದರೂ ಇಂಗಾಲದ ಲೆಕ್ಕದಲ್ಲಿ ಉಳಿತಾಯ ದೊಡ್ಡದು. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವೇ. ಮರ ಬೆಳೆಯುವಾಗ ಗಾಳಿಯಿಂದ ಹೀರಿದ ಆ ಇಂಗಾಲ, ಕಟ್ಟಡ ಇರುವಷ್ಟು ಕಾಲ ಕಂಬದಲ್ಲೇ ಕೂತಿರುತ್ತದೆ.

ನನಗೆ ಕಟ್ಟಡಕ್ಕಿಂತ ಮುಖ್ಯ ಅನ್ನಿಸೋದು ಅದರ ಹಿಂದಿರುವ ಕಾಡು. ನಾರ್ವೆಯಲ್ಲಿ ಮರ ಕಡಿದವರು ಮೂರು ವರ್ಷದೊಳಗೆ ಅಲ್ಲಿ ಮತ್ತೆ ಕಾಡು ಬೆಳೆಸುವ ಏರ್ಪಾಡು ಮಾಡಲೇಬೇಕು. ಮರ ಮಾರಿದ ಹಣದಲ್ಲಿ ಒಂದು ಪಾಲು ಅದಕ್ಕೇ ಮೀಸಲು. ಹೀಗಾಗಿ ನೂರು ವರ್ಷದ ಹಿಂದೆ ಇದ್ದದ್ದಕ್ಕಿಂತ ಈಗ ಅಲ್ಲಿ ಸುಮಾರು ಮೂರು ಪಟ್ಟು ಮರ ನಿಂತಿದೆ. ಈ ಕಟ್ಟುಪಾಡು ಇಲ್ಲದೆ ಮರದ ಕಟ್ಟಡವನ್ನು ಹಸಿರು ಅನ್ನೋದು ಸುಮ್ನೆ ಮಾತು. ಹಾಗಂತ ಸಾಲಾಗಿ ನೆಟ್ಟ ಸ್ಪ್ರೂಸ್ ತೋಪು ಹಳೇ ಕಾಡಿಗೆ ಸಮ ಅಲ್ಲ. ಹಳೇ ಕಾಡನ್ನು ಅದರ ಪಾಡಿಗೆ ಬಿಡಬೇಕು.

ನಮ್ಮಲ್ಲೂ ಮರದ ಕಟ್ಟಡ ಕಟ್ಟೋಕೆ ಘಟ್ಟದ ಕಾಡನ್ನು ಮುಟ್ಟಬೇಕಾಗಿಲ್ಲ. ರೈತರು ಹೆಬ್ಬೇವು ಬೆಳೆಯುತ್ತಿದ್ದಾರೆ, ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಇದೆ. ಅದರಲ್ಲಿ ಜಾಸ್ತಿ ಪಾಲು ಹೋಗೋದು ಪ್ಲೈವುಡ್‌ಗೆ. ಇವುಗಳಲ್ಲಿ ಯಾವುದು ಮನೆಯ ಭಾರ ಹೊರುತ್ತದೆ, ನಮ್ಮ ಮಳೆ ಮತ್ತು ಗೆದ್ದಲಿಗೆ ಹೇಗೆ ತಡೆಯುತ್ತದೆ ಅಂತ ಒರೆಹಚ್ಚಿ ನೋಡುವ ಕೆಲಸ ಇನ್ನೂ ಜೋರಾಗಿ ನಡೆಯಬೇಕು. ಬೆಂಗಳೂರಿನಲ್ಲೇ ಮರ ವಿಜ್ಞಾನದ ಕೇಂದ್ರ ಸಂಸ್ಥೆ ಇದೆ.

ನಮಸ್ಕಾರ.