25ಕ್ಕೆ ಎಷ್ಟು? ಕೋವಿಡ್ ಮತ್ತು ಎದೆಯ ಸಿಟಿ ಸ್ಕ್ಯಾನ್

ಎಲ್ಲರಿಗೂ ನಮಸ್ಕಾರ.

ಕೋವಿಡ್ ರೋಗಿಯ ಸಿಟಿ ರಿಪೋರ್ಟ್ ಕೈಗೆ ಬಂದರೆ ಮನೆಯವರು ಮೊದಲು ಹುಡುಕುವುದು ಒಂದೇ ಸಂಖ್ಯೆಯನ್ನು: ಶ್ವಾಸಕೋಶಕ್ಕೆ ಕಾಯಿಲೆ ಎಷ್ಟು ಹರಡಿದೆ ಅಂತ ಹೇಳುವ ಸ್ಕೋರ್. 25ಕ್ಕೆ ಎಷ್ಟು? 8 ಅಂದರೆ ಸಮಾಧಾನ, 18 ಅಂದರೆ ಕೈಕಾಲು ನಡುಕ. ಮುಂದೆ ಏನಾಗಬಹುದು ಅಂತ ಹೇಳುವ ಶಕ್ತಿ ಆ ಸಂಖ್ಯೆಗೆ ಖಂಡಿತ ಇದೆ. ಆದರೆ ಅದೊಂದನ್ನೇ ಹಿಡಿದುಕೊಂಡು ಕೂತರೆ ಸುಮ್ನೆ ಹೆದರುತ್ತೇವೆ, ಇಲ್ಲವೇ ಸುಮ್ನೆ ಧೈರ್ಯ ತಂದುಕೊಳ್ಳುತ್ತೇವೆ.

ಮೊದಲು ಆ ಅಂಕ ಬರುವುದು ಹೇಗೆ, ನೋಡೋಣ. ಶ್ವಾಸಕೋಶದಲ್ಲಿ ಐದು ಹಾಲೆಗಳಿವೆ, ಅಂದರೆ ಐದು ಭಾಗಗಳು: ಬಲಗಡೆ ಮೂರು, ಎಡಗಡೆ ಎರಡು. ರೇಡಿಯಾಲಜಿಸ್ಟ್ ಒಂದೊಂದನ್ನೂ ಮೇಲಿಂದ ಕೆಳಗೆ ನೋಡುತ್ತಾ ಹೋಗುತ್ತಾರೆ. ಗಾಳಿ ತುಂಬಿದ ಜಾಗ ಕಪ್ಪಗೆ ಕಾಣುತ್ತದೆ. ಕಾಯಿಲೆ ತಗುಲಿದ ಕಡೆ ಮಬ್ಬು ಬಿಳುಪು. ಆ ಮಬ್ಬಿನೊಳಗೆ ರಕ್ತನಾಳದ ಗೆರೆ ಇನ್ನೂ ಕಾಣುತ್ತಿದ್ದರೆ ಅದು ಗ್ರೌಂಡ್ ಗ್ಲಾಸ್. ಗೆರೆಯೂ ಮುಚ್ಚಿಹೋಗುವಷ್ಟು ಬೆಳ್ಳಗಾಗಿದ್ದರೆ ಕನ್ಸಾಲಿಡೇಶನ್. ಒಂದು ಹಾಲೆಯಲ್ಲಿ ಇಂಥ ಜಾಗ ಶೇ 5ಕ್ಕಿಂತ ಕಡಿಮೆ ಇದ್ದರೆ 1 ಅಂಕ, ಶೇ 25ರವರೆಗೆ 2, ಅರ್ಧದೊಳಗಿದ್ದರೆ 3, ಮುಕ್ಕಾಲು ಭಾಗದೊಳಗೆ 4, ಅದನ್ನೂ ಮೀರಿದರೆ 5. ಎಲ್ಲ ಕೂಡಿದರೆ ಗರಿಷ್ಠ 25. ಇದೆಲ್ಲ ಕಣ್ಣಳತೆಯ ಲೆಕ್ಕ. ಬಲಗಡೆಯ ಮಧ್ಯದ ಹಾಲೆ ಚಿಕ್ಕದು, ಕೆಳಗಿನದು ದೊಡ್ಡದು. ಆದರೂ ಎರಡಕ್ಕೂ ಸಿಗುವುದು ಅದೇ ಐದು ಅಂಕ.

ಇಲ್ಲೇ ಇನ್ನೊಂದು ಮಾತು. ರಿಪೋರ್ಟಿನಲ್ಲಿ ಕೋ-ರಾಡ್ಸ್ ಎಂಬ ಇನ್ನೊಂದು ಅಂಕವೂ ಇರಬಹುದು; ಅದು 5 ಅಂತಿದ್ದರೆ ಕಾಯಿಲೆ ಜೋರಾಗಿದೆ ಎಂದುಕೊಳ್ಳಬೇಡಿ. ಕೋವಿಡ್ ಇರುವ ಅನುಮಾನ ಎಷ್ಟು ಬಲವಾಗಿದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ.

ನಾನು ಯಾವಾಗಲೂ ಮೊದಲು ಕೇಳುವ ಪ್ರಶ್ನೆ ಬೇರೆ. ಲಕ್ಷಣ ಶುರುವಾಗಿ ಎಷ್ಟನೇ ದಿನಕ್ಕೆ ಸ್ಕ್ಯಾನ್ ಆಯಿತು? 2020ರಲ್ಲಿ ಚೀನಾದ ರೋಗಿಗಳ ಸ್ಕ್ಯಾನ್‌ಗಳನ್ನು ನೋಡಿದಾಗ, ಮೊದಲ ಎರಡು ದಿನಗಳಲ್ಲಿ ಮಾಡಿಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಶ್ವಾಸಕೋಶ ನಾರ್ಮಲ್ ಆಗಿಯೇ ಇತ್ತು. ಮಬ್ಬು ಅತಿ ಹೆಚ್ಚಾಗುವುದು ಸುಮಾರು 10ನೇ ದಿನದ ಹೊತ್ತಿಗೆ. ಹಾಗಾದರೆ 3ನೇ ದಿನ ಬಂದ 10 ಅಂಕವೂ 12ನೇ ದಿನ ಬಂದ 10 ಅಂಕವೂ ಒಂದೇ ಅಲ್ಲ, ಅಲ್ವಾ? ಮೊದಲನೆಯವರ ಕಾಯಿಲೆ ಇನ್ನೂ ಏರುತ್ತಿರಬಹುದು. ಎರಡನೆಯವರು ಬಹುಶಃ ಕಷ್ಟದ ಘಟ್ಟ ದಾಟಿದ್ದಾರೆ.

ಇಟಲಿಯ ಪಿಯಾಚೆಂಜಾದ ವೈದ್ಯರು ಲೆಕ್ಕವನ್ನೇ ತಿರುಗಿಸಿದರು. ಎಷ್ಟು ಹಾಳಾಗಿದೆ ಅನ್ನುವ ಬದಲು, ಚೆನ್ನಾಗಿ ಗಾಳಿ ಆಡುವ ಭಾಗ ಎಷ್ಟು ಉಳಿದಿದೆ ಅಂತ ಅಳೆದರು. ಅದು ಶೇ 73ಕ್ಕಿಂತ ಕೆಳಗಿದ್ದವರು ಐಸಿಯು ಸೇರುವ ಅಥವಾ ಸಾಯುವ ಸಂಭವ ಜಾಸ್ತಿ ಇತ್ತು. ನನಗೆ ಈ ದಾರಿ ಬಹಳ ಹಿಡಿಸುತ್ತದೆ. ಮೊದಲೇ ಶ್ವಾಸಕೋಶದ ತೊಂದರೆ ಇದ್ದವರಿಗೆ ಸ್ವಲ್ಪ ಮಬ್ಬೂ ಭಾರವಾಗುತ್ತದೆ. ಅವರ ಬಳಿ ಉಳಿದಿರುವುದೇ ಕಡಿಮೆ.

ಫ್ರಾನ್ಸಿನ ಸ್ಟೋಯಿಕ್ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ಸೇರಿಸಿದರು. ಒಂದು ತಿಂಗಳೊಳಗೆ ಯಾರಿಗೆ ವೆಂಟಿಲೇಟರ್ ಬೇಕಾಯಿತು, ಯಾರು ತೀರಿಕೊಂಡರು ಎಂದು ನೋಡಿದರು. ಕಾಯಿಲೆ ಹರಡಿದ ಪ್ರಮಾಣ ಮುಖ್ಯವಾಗಿತ್ತು, ನಿಜ. ಆದರೆ ವಯಸ್ಸನ್ನು ಬಿಟ್ಟು ಲೆಕ್ಕ ಹಾಕುವಂತಿರಲಿಲ್ಲ.

ಇದನ್ನೆಲ್ಲ ಕಂಪ್ಯೂಟರ್ ಮಾಡಲಾರದೇ? ಪ್ರಯತ್ನಗಳಿಗೆ ಕೊರತೆ ಇರಲಿಲ್ಲ. ಎಕ್ಸ್‌ರೇ ಮತ್ತು ಸಿಟಿ ನೋಡಿ ಕೋವಿಡ್ ಗುರುತಿಸುವ, ಮುಂದಿನದನ್ನು ಊಹಿಸುವ ಕಂಪ್ಯೂಟರ್ ಮಾದರಿಗಳನ್ನು 2021ರಲ್ಲಿ ಒಂದು ತಂಡ ಜರಡಿ ಹಿಡಿಯಿತು. ಕೊನೆಗೆ ಉಳಿದ 62 ಅಧ್ಯಯನಗಳಲ್ಲಿ ಒಂದೂ ಆಸ್ಪತ್ರೆಯಲ್ಲಿ ಬಳಸಲು ಯೋಗ್ಯವಾಗಿರಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಎಕ್ಸ್‌ರೇ ಎಂದು ಪುಟ್ಟ ಮಕ್ಕಳ ಚಿತ್ರಗಳನ್ನು ಕೊಟ್ಟಿದ್ದರು. ಅಂಥ ಕಡೆ ಕಂಪ್ಯೂಟರ್ ಕಾಯಿಲೆಯನ್ನು ಬಿಟ್ಟು ವಯಸ್ಸನ್ನು ಕಲಿತುಬಿಡಬಹುದು. ಇದು ಜೀವದ ಪ್ರಶ್ನೆ, ಹಾಗಾಗಿ ಬೇರೆ ಊರಿನ, ಬೇರೆ ಯಂತ್ರದ ಸ್ಕ್ಯಾನ್‌ಗಳ ಮೇಲೆ ಪರೀಕ್ಷೆ ಆಗದ ಮಾದರಿಯನ್ನು ನಾನು ನಂಬುವುದಿಲ್ಲ.

ಇನ್ನು ಸ್ಕ್ಯಾನ್ ಇಲ್ಲದೆಯೂ ಅಪಾಯ ಅಳೆಯಬಹುದು. ಅದಕ್ಕೆಂದೇ ಇರುವ ಬ್ರಿಟನ್ನಿನ 4ಸಿ ಸ್ಕೋರ್‌ನಲ್ಲಿ ಸಿಟಿ ಇಲ್ಲವೇ ಇಲ್ಲ. ವಯಸ್ಸು, ಉಸಿರಾಟದ ವೇಗ, ಆಕ್ಸಿಜನ್ ಮಟ್ಟ, ಎರಡು ರಕ್ತಪರೀಕ್ಷೆ, ಇಂಥವು ಸೇರಿ ಎಂಟು ವಿಷಯಗಳು, ಅಷ್ಟೇ. ಆಸ್ಪತ್ರೆ ಸೇರಿದವರಲ್ಲಿ ಸಾವಿನ ಅಪಾಯವನ್ನು ಅದು ಚೆನ್ನಾಗಿಯೇ ಅಂದಾಜು ಮಾಡುತ್ತದೆ. ಹಾಗಾಗಿ ಸೌಮ್ಯ ಲಕ್ಷಣ ಇದ್ದು, ಆಕ್ಸಿಜನ್ ಸರಿ ಇದ್ದು, ಬೇರೆ ಅಪಾಯವೂ ಇಲ್ಲದವರಿಗೆ ಸಿಟಿ ಸ್ಕೋರ್ ತಿಳಿಯಲೆಂದೇ ಸ್ಕ್ಯಾನ್ ಬೇಡ.

ಆದರೆ ಚೇತರಿಸಿಕೊಳ್ಳುತ್ತಿದ್ದವರ ಆಕ್ಸಿಜನ್ ಇದ್ದಕ್ಕಿದ್ದಂತೆ ಕುಸಿದರೆ ತಡಮಾಡಬಾರದು. ಆಗ ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲು ಚುಚ್ಚುವ ದ್ರವ) ಕೊಟ್ಟು ಮಾಡುವ ಸಿಟಿ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ತೋರಿಸುತ್ತದೆ. ಹೆಪ್ಪು ಕಂಡರೆ ಚಿಕಿತ್ಸೆ ಅವತ್ತೇ ಬದಲಾಗುತ್ತದೆ.