ಹಿಮದ ಕಡಲಿಗೆ ಎಣ್ಣೆ ಚೆಲ್ಲಿದರೆ

ಕೇಳುಗರಿಗೆ ನಮಸ್ಕಾರ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಬೋಟಿಗೆ ಹೋಗುವವರು ಬಲೆ ಸರಿಮಾಡುತ್ತಾ ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಧ್ರುವದ ಕಡಲಲ್ಲಿ ಎಣ್ಣೆಬಾವಿ ಕೊರೆಯಬಾರದು. ಯಾಕೆ? ಹಿಮದ ಕಡಲಿಗೆ ಚೆಲ್ಲಿದ ಎಣ್ಣೆಯನ್ನು ಬಳಿದು ತೆಗೆಯಲಾಗದು. ಅಷ್ಟೇ ನನ್ನ ಮಾತು.

ಒಂದು ಕತೆ ಹೇಳಲೇಬೇಕು. 2012ರ ಡಿಸೆಂಬರ್. ಶೆಲ್ ಎಣ್ಣೆ ಕಂಪೆನಿಯ ‘ಕುಲ್ಲುಕ್’ ಎಂಬ ಬಾವಿ ಕೊರೆಯುವ ನೌಕೆ ಅಮೆರಿಕದ ಅಲಾಸ್ಕದ ಉತ್ತರದಲ್ಲಿ ಕೆಲಸ ಮಾಡಿ ಅಲ್ಲಿನ ಡಚ್ ಹಾರ್ಬರ್ ಬಂದರಿನಲ್ಲಿ ನಿಂತಿತ್ತು. ದುಂಡನೆಯ ಒಡಲು, ಓಡಲು ಸ್ವಂತ ಎಂಜಿನ್ ಇಲ್ಲ. ‘ಐವಿಕ್’ ಎಂಬ ಹಡಗು ಅದನ್ನು ಸಿಯಾಟಲ್ ಕಡೆಗೆ ಎಳೆದೊಯ್ಯಬೇಕು. ಅಲ್ಲಿನ ಡಿಸೆಂಬರ್ ಕಡಲೆಂದರೆ ನಮ್ಮ ಆಟಿ ತಿಂಗಳ ಮಳೆಗಾಲದ ಅಬ್ಬರದ ಕಡಲು. ಆಟಿಯಲ್ಲಿ ಯಾರಾದರೂ ಎಂಜಿನ್ನಿಲ್ಲದ ಬೋಟನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೊರಡುತ್ತಾರೆಯೇ? ಇವರು ಹೊರಟರು! ಜನವರಿ ಒಂದಕ್ಕೆ ಅಲ್ಲೇ ಉಳಿದರೆ ತೆರಿಗೆ ಬೀಳುತ್ತದೆಂಬ ಲೆಕ್ಕವೂ ಅದರ ಹಿಂದಿತ್ತು ಎಂದು ಆಮೇಲೆ ಅಮೆರಿಕದ ಕೋಸ್ಟ್ ಗಾರ್ಡ್ ವರದಿಯೇ ಹೇಳಿತು. 27ಕ್ಕೆ ಎಳೆಯುವ ಹಗ್ಗ ಕಡಿಯಿತು. ಬೇರೆ ಹಗ್ಗ ಕಟ್ಟಿದರು. ಅಷ್ಟರಲ್ಲಿ ಐವಿಕ್‌ನ ನಾಲ್ಕೂ ಎಂಜಿನ್ ನಿಂತವು. 29ಕ್ಕೆ ಹೆಲಿಕಾಪ್ಟರುಗಳು ಬಂದು ಕುಲ್ಲುಕ್‌ನಲ್ಲಿದ್ದ 18 ಮಂದಿಯನ್ನು ಮೇಲೆತ್ತಿದವು. 31ರ ರಾತ್ರಿ ನೌಕೆ ಸಿಟ್ಕಾಲಿಡಾಕ್ ದ್ವೀಪದ ಬಂಡೆಗೆ ಹೋಗಿ ಕೂತಿತು. ಟ್ಯಾಂಕಿನ ಡೀಸೆಲ್ ಸೋರಲಿಲ್ಲ, ಪುಣ್ಯ.

ನೆನಪಿಡಿ, ಇದು ನಡೆದದ್ದು ಕೋಸ್ಟ್ ಗಾರ್ಡ್ ನೆಲೆ ಇರುವ ಕೋಡಿಯಾಕ್ ಹತ್ತಿರ. ಬಾವಿ ಕೊರೆದ ಜಾಗ ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ, ಚಳಿಗಾಲದಲ್ಲಿ ಹಗಲೇ ಇಲ್ಲದ ಕಡೆ. 2015ರಲ್ಲಿ ಶೆಲ್ ಅಲಾಸ್ಕದ ಆ ಕಡಲು ಬಿಟ್ಟುಬಂತು. ಅಲ್ಲಿನ ಹಿಮಕರಡಿಯ ಮೇಲಿನ ಕನಿಕರದಿಂದಲ್ಲ, ಸಾಕಷ್ಟು ಎಣ್ಣೆ ಸಿಗದ್ದಕ್ಕೆ.

ಕತೆಯೇ ಉದ್ದವಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಎಣ್ಣೆ ಹಿಮದ ಅಡಿಗೆ ಹೋಗಿ ಸೇರುತ್ತದೆ, ಹಿಮದೊಂದಿಗೇ ತೇಲಿ ಹೋಗುತ್ತದೆ. ಹಿಮ ಬಿರಿದಲ್ಲಿ ಮೇಲೆ ಬರುತ್ತದೆ. ಸೀಲ್ ಎಂಬ ಕಡಲ ಪ್ರಾಣಿ ಉಸಿರಾಡಲು ತಲೆ ಎತ್ತುವುದೂ ಅಲ್ಲೇ, ಹಿಮಕರಡಿ ಅದನ್ನು ಹಿಡಿಯಲು ಕಾಯುವುದೂ ಅಲ್ಲೇ. ಕರಡಿ ಎಣ್ಣೆ ಮೆತ್ತಿದ ತುಪ್ಪಳವನ್ನು ನೆಕ್ಕಿ ಶುಚಿ ಮಾಡುತ್ತದೆ, ಎಣ್ಣೆ ಹೊಟ್ಟೆಗೆ ಹೋಗಿ ಮೂತ್ರಪಿಂಡ ಕೆಡುತ್ತದೆ. ಹಿಮವಿಲ್ಲದ ಕಡೆಯೇ ಏನಾಯಿತು? 1989ರಲ್ಲಿ ಅಲಾಸ್ಕದ ದಕ್ಷಿಣದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು ನಾಲ್ಕು ಕೋಟಿ ಲೀಟರ್ ಕಚ್ಚಾ ಎಣ್ಣೆ ಚೆಲ್ಲಿತು. ಅಂದಾಜು ಎರಡೂವರೆ ಲಕ್ಷ ಕಡಲಹಕ್ಕಿಗಳು ಸತ್ತವು. ಸಾವಿರಾರು ಜನ ಬಳಿದರೂ ಅಲ್ಲಿ ಇಂದಿಗೂ ದಡ ಅಗೆದರೆ ಕಲ್ಲಿನಡಿ ಎಣ್ಣೆ ಸಿಗುತ್ತದೆ. ಹಿಮದ ಕಡಲಲ್ಲಂತೂ ಬಳಿಯಲು ದಡವೇ ಇಲ್ಲ!

‘ನಮಗೇನು ಸಾರ್, ಎಲ್ಲೋ ಧ್ರುವ’ ಅನ್ನಬೇಡಿ. ಮಳೆಗಾಲ ಮುಗಿಯುವ ಹೊತ್ತಿಗೆ ನೀವು ಆಳ ಕಡಲಿಗೆ ಹೋದಾಗ ಬಾಲದ ಬುಡ ಬೆಳ್ಳಗಿರುವ, ನೀರಿಗೆ ಕಾಲು ತಾಗಿಸುತ್ತಾ ಹಾರುವ ಪುಟ್ಟ ಕಪ್ಪು ಹಕ್ಕಿ ಕಂಡೀರಿ. ಅದು ವಿಲ್ಸನ್ ಸ್ಟಾರ್ಮ್ ಪೆಟ್ರೆಲ್. ಮರಿಮಾಡುವುದು ಅಂಟಾರ್ಕ್ಟಿಕದ ಕಡೆ. ಅದರ ಅದೃಷ್ಟಕ್ಕೆ 1991ರ ಮ್ಯಾಡ್ರಿಡ್ ಒಪ್ಪಂದ ಅಲ್ಲಿ ಖನಿಜ, ಎಣ್ಣೆ ತೆಗೆಯುವುದನ್ನು ನಿಷೇಧಿಸಿದೆ. ಉತ್ತರ ಧ್ರುವದ ಕಡಲಿಗೆ ಅಂಥ ಒಪ್ಪಂದ ಇಲ್ಲ. ಅಲ್ಲಿ ರಷ್ಯಾ, ನಾರ್ವೆ ಈಗಲೂ ಎಣ್ಣೆ ತೆಗೆಯುತ್ತಿವೆ. ನಮಸ್ಕಾರ.